ಹಾಡಿನಲ್ಲಿದ್ದ ಹೆಸರು

ತೆರೇಸಾ ಹಾಡಲು ಶುರುಮಾಡಿದ ಕೂಡಲೇ ರಾಬರ್ಟ್ ಬಚ್ಚಲಿನಲ್ಲಿ ನಲ್ಲಿಯನ್ನು ಜೋರಾಗಿ ಬಿಟ್ಟ. ಇದು ಇವತ್ತಿನ ಸಂಗತಿಯೇನಲ್ಲ. ಅವನು ಆಫ್ರಿಕದ ಹಳ್ಳಿಗಳಲ್ಲಿ ಸುವಾರ್ತೆ ಸಾರಿ ಮಸ್ಕತ್ತಿಗೆ ತಿರುಗಿ ಬಂದು, ಅವಳ ಬಾಯಿಗೆ ಆ ಹಾಡು ಹತ್ತಿದಂದಿನಿಂದ ಹೀಗೇ ನಡೆದಿತ್ತು. ಅವಳು ಹಾಡಿದರೆ ಅವನಿಗೆ ಟೀವಿಯಲ್ಲಿ ವಾರ್ತೆ ನೋಡುವ ತುರ್ತು ಬರುತ್ತಿತ್ತು, ಇಲ್ಲವೆ ಕೆಳಗೆ ಹೋಗಿ ಕಾರಿನ ಟೈರಿನಲ್ಲಿ ಗಾಳಿ ಇದೆಯೋ ಇಲ್ಲವೋ ನೋಡಬೇಕಾಗುತ್ತಿತ್ತು. ಟೈರು ಮಾರಿಯೇ ಹೊಟ್ಟೆ ಹೊರೆಯುವ ಮನುಷ್ಯ, ಸ್ವಂತ ಕಾರಿನ ಗಾಳಿಯ ಬಗ್ಗೆ ಇಷ್ಟು ಕಾಳಜಿ ಎಂದೂ ತೋರಿಸಿದವನಲ್ಲ. ತನ್ನ ಸೇವೆಯ ಹೊಗಳಿಕೆ ಹೆಂಡತಿಯ ಬಾಯಿಂದಲೇ ಬಂದರೆ ಗಂಡಸಿಗೆ ನಾಚಿಕೆಯಾಗುತ್ತದೆ ಎಂದು ತೆರೇಸಾ ಅದಕ್ಕೊಂದು ಅರ್ಥ ಹಚ್ಚಿಕೊಂಡು ಒಳಗೊಳಗೇ ಹಿಗ್ಗಿಕೊಂಡೂ ಇದ್ದಳು. ಆದರೆ ಇವತ್ತು, ಕಾವಲಿಗೆ ನೀರುದೋಸೆ ಹುಯ್ದು ಮುಚ್ಚಳ ಇಡುವಾಗ, ಬಚ್ಚಲಿನ ಆ ಸದ್ದು ಅವಳಿಗೆ ಸರಿ ಕಾಣಲಿಲ್ಲ. ಅಲ್ ಹೈಲ್‌ನ ಈ ಫ್ಲ್ಯಾಟಿಗೆ ನೀರು ಬರುವುದು ಟ್ಯಾಂಕರಿನಲ್ಲಿ. ಒಂದು ಲೋಟ ಹೆಚ್ಚು ಚೆಲ್ಲಿದರೂ ಗೊಣಗುವವನು ಅವನೇ. ಅವಳು ಬೇಕೆಂದೇ ದನಿ ಏರಿಸಿದಳು: "ಮಾಮಾ ತೆರೇಸಾ ಅಮೆತುತೋಕಾ, ಲಾಲಾ, ಮಾಮಾ, ಲಾಲಾ." ನಲ್ಲಿ ಇನ್ನೂ ಜೋರಾಯಿತು. ಅವಳು ಹಾಡು ನಿಲ್ಲಿಸಿದಳು. ನಲ್ಲಿಯೂ ನಿಂತಿತು.

"ಸಂಜೆ ನೀನೇ ಹಾಡ್ಬೇಕಾ?" ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದ ರಾಬರ್ಟ್ ಕೇಳಿದ. "ಕ್ವಾಯರಿನ ಅನು ಹಾಡ್ತಾಳಲ್ಲ. ಸಂಡೇ ಸ್ಕೂಲಿನ ಮಕ್ಕಳೂ ಕಲ್ತಿದ್ದಾರೆ."

"ಅನುವಿನ ಹೆಸರುಂಟಾ ಅದ್ರಲ್ಲಿ?" ಎಂದು ತೆರೇಸಾ ನಕ್ಕಳು. "ಹೆಸರಿದ್ದವಳು ನಾನು. ನಾನೇ ಹಾಡೂದು."

ಅವನು ನಗಲಿಲ್ಲ. ದೋಸೆಯನ್ನು ಮಡಚಿ ಬಾಯಿಗಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತ. ಕಿಟಕಿಯಾಚೆ ಎದುರಿನ ಕಟ್ಟಡದ ಏಸಿ ಪೆಟ್ಟಿಗೆಗಳಲ್ಲದೆ ನೋಡುವಂಥದ್ದು ಏನೂ ಇರಲಿಲ್ಲ.

ಗಾಲಾದ ಚರ್ಚ್ ಕಾಂಪೌಂಡಿನಲ್ಲಿ ಅವರ ಕನ್ನಡ ಸಭೆ ಸೇರುವುದು ಶುಕ್ರವಾರ ಸಂಜೆ. ಈ ದೇಶಕ್ಕೆ ಬಂದ ಮೇಲೆ ದೇವರೂ ತನ್ನ ರಜಾದಿನ ಬದಲಾಯಿಸಿಕೊಂಡಿದ್ದಾನೆ ಎಂದು ಸಭೆಯವರು ತಮಾಷೆ ಮಾಡುತ್ತಾರೆ. ಸಭೆ ತನ್ನ ಖರ್ಚಿನಲ್ಲಿ ರಾಬರ್ಟ್‌ನನ್ನು ಟಾಂಜಾನಿಯದ ಒಳನಾಡಿಗೆ ಕಳಿಸಿತ್ತು. ಅವನು ತಿರುಗಿ ಬರುವಾಗ ಒಂದು ಸೀಡಿ ತಂದಿದ್ದ, ಹಳ್ಳಿಯ ಸೇವೆಯ ಒಂದು ದಿನ, ಬೆಳಗಿನಿಂದ ಸಂಜೆಯವರೆಗೆ. ನಸುಕಿನ ಪ್ರಾರ್ಥನೆ, ಕೆಂಪು ಮಣ್ಣಿನ ದಾರಿಯಲ್ಲಿ ಕುಲುಕುತ್ತ ಹೋಗುವ ಪಿಕಪ್, ಮಕ್ಕಳಿಗೆ ಜಂತುಹುಳದ ಮಾತ್ರೆ, ಮುದುಕರ ಕಣ್ಣಿಗೆ ಔಷಧಿಯ ಹನಿ, ಕೊನೆಗೆ ದೊಡ್ಡದೊಂದು ಮಾವಿನ ಮರದ ಕೆಳಗೆ ಊರವರ ಕೂಟ. ರಾಬರ್ಟ್ ಇಂಗ್ಲಿಷಿನಲ್ಲಿ ಮಾತಾಡುವುದು, ಬೊನಿಫಾಸ್ ಎಂಬ ಅಲ್ಲಿಯ ಸುವಾರ್ತಿಕ ಅದನ್ನು ಸ್ವಾಹಿಲಿಗೆ ತಿರುಗಿಸುವುದು. ಮೈಕು ಇದ್ದದ್ದು ಬೊನಿಫಾಸ್‌ನ ಕೈಯಲ್ಲಿ, ಹಾಗಾಗಿ ರಾಬರ್ಟ್‌ನ ಮಾತು ಸೀಡಿಯಲ್ಲಿ ಕೇಳಿಸುತ್ತಿರಲಿಲ್ಲ. ಬಾಯಿ ಮಾತ್ರ ಆಡುತ್ತಿತ್ತು. ಆಮೇಲೆ ಆ ಹೆಂಗಸರು. ಬೈಬಲಿನೊಳಗಿಂದ ರಾಬರ್ಟ್ ತೆಗೆದುಕೊಟ್ಟ ತೆರೇಸಾಳ ಫೋಟೋವನ್ನು ಅವರು ಕೈಯಿಂದ ಕೈಗೆ ದಾಟಿಸಿದರು, ಬೆರಳಿನಿಂದ ಮುಟ್ಟಿ ಆ ಬೆರಳನ್ನು ತುಟಿಗಿಟ್ಟುಕೊಂಡರು, ಕಣ್ಣೊರೆಸಿಕೊಂಡರು, ಎದ್ದು ನಿಂತು ಮೈ ತೂಗುತ್ತ ಹಾಡಿದರು, ಹಾಡಿನಲ್ಲಿ ತೆರೇಸಾ ತೆರೇಸಾ ಎಂದು ಅವಳ ಹೆಸರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತ್ತು. ಸೀಡಿಯಲ್ಲಿ ಕೊನೆಯ ಸಾಲನ್ನು ರಾಬರ್ಟ್ ಕೂಡ ಮೈಕು ತೆಗೆದುಕೊಂಡು ಬೊನಿಫಾಸ್ ಹೇಳಿಕೊಟ್ಟ ಹಾಗೆ ಅವರ ಭಾಷೆಯಲ್ಲೇ ಹಾಡಿದಾಗ ಸಭೆಯ ಪಾದ್ರಿ ಅಯ್ಯನವರು "ಪರಿಶುದ್ಧಾತ್ಮನ ಕೆಲಸ" ಎಂದು ಕಣ್ಣು ಮುಚ್ಚಿದ್ದರು. ಅರ್ಥವೇನೆಂದು ಯಾರೂ ಕೇಳಲಿಲ್ಲ. ಅಳುವುದು, ಹಾಡುವುದು, ಕೈ ಎತ್ತುವುದು, ಇವೆಲ್ಲ ತಾವೇ ಪ್ರತಿ ವಾರ ಮಾಡುವವರಿಗೆ ಅದರಲ್ಲಿ ಕೇಳುವಂಥದ್ದು ಏನಿದೆ? ತೆರೇಸಾ ಒಮ್ಮೆ ಮನೆಯಲ್ಲಿ ಕೇಳಿದ್ದಳು. "ದೇವರ ಸ್ತುತಿ, ಮತ್ತೆಂತ?" ಎಂದು ರಾಬರ್ಟ್ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದ. ಅವಳಿಗೆ ಅಷ್ಟು ಸಾಕಾಗಿತ್ತು. ಆ ಹೆಂಗಸರ ಮುಖಗಳು ಅವಳಿಗೆ ಬಾಯಿಪಾಠ ಬಂದಿದ್ದವು. ಜೀವಮಾನದಲ್ಲಿ ಅವಳ ಫೋಟೋವನ್ನು ಯಾರೂ ಹಾಗೆ ಮುಟ್ಟಿದವರಿಲ್ಲ. ಈಸ್ಟರ್ ಕಳೆದ ಮೇಲೆ ಅವನು ಮತ್ತೆ ಹೋಗುವಾಗ ತಾನೂ ಹೋಗಬೇಕು, ಆ ಮಾವಿನ ಮರದ ಕೆಳಗೆ ನಿಂತು, ನೋಡಿ, ನಾನೇ ಆ ತೆರೇಸಾ ಎನ್ನಬೇಕು. ಆ ಆಸೆ ಈಚೆಗೆ ಅವಳಲ್ಲಿ ಹಸಿವಿನ ಹಾಗೆ ಹೊತ್ತುಹೊತ್ತಿಗೆ ಏಳುತ್ತಿತ್ತು. ಹೇಳಿದಾಗೆಲ್ಲ ರಾಬರ್ಟ್‌ನಿಗೆ ಅವಳ ಮೊಣಕಾಲಿನ ನೋವು ನೆನಪಾಗುತ್ತಿತ್ತು. ಅವಳಿಗೇ ಅಷ್ಟು ನೆನಪಿರಲಿಲ್ಲ ಆ ನೋವು.

ಶುಕ್ರವಾರ ಬೆಳಗಿನ ಹೊತ್ತು ತೆರೇಸಾ ನರ್ಸ್ ಆಗಿರುವ ಅಲ್ ಮವಾಲೇಹ್‌ನ ಕ್ಲಿನಿಕ್ಕಿನಲ್ಲಿ ಜನವಿರುವುದಿಲ್ಲ. ತರಕಾರಿ ಮಾರ್ಕೆಟ್ಟಿನಲ್ಲಿ ಕೈಗೆ ಗಾಯ ಮಾಡಿಕೊಂಡ ಹಮಾಲಿಯೊಬ್ಬ ಬಂದು ಹೊಲಿಗೆ ಹಾಕಿಸಿಕೊಂಡು ಹೋದ ಮೇಲೆ ತೆರೇಸಾ ಡ್ರೆಸ್ಸಿಂಗ್ ರೂಮಿನಲ್ಲಿ ಗಾಜ್ ಬಟ್ಟೆ ಮಡಚುತ್ತ ಕೂತಳು. ಇಲ್ಲಿ ಅವಳು ಇಷ್ಟು ದಿನ ಬರೀ ರಾಗ ಗುನುಗಿದ್ದಳೇ ಹೊರತು ಬಾಯಿಬಿಟ್ಟು ಹಾಡಿದವಳಲ್ಲ, ಕೆಲಸದ ಜಾಗ ನೋಡಿ. ಇವತ್ತು ಡಾಕ್ಟರೂ ಬೇಗ ಹೊರಟುಹೋಗಿದ್ದರು, ಸಂಜೆಗೆ ಅಭ್ಯಾಸವೂ ಆಗಬೇಕಿತ್ತು. ಅವಳು ಶುರುವಿನಿಂದ ಕೊನೆಯವರೆಗೆ, ತೂಗುವಲ್ಲಿ ತೂಗಿ, ಎಳೆಯುವಲ್ಲಿ ಎಳೆದು ಹಾಡಿದಳು. ಹಾಡು ಮುಗಿದಾಗ ಬಾಗಿಲಲ್ಲಿ ರಿಸೆಪ್ಷನ್ನಿನ ಸೌದ ನಿಂತಿದ್ದಳು. ಅಬಾಯಾದ ತೋಳನ್ನು ಹಿಂದೆ ಸರಿಸಿಕೊಂಡು ಒಳಗೆ ಬಂದು, ತೆರೇಸಾಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಪೋಲೆ, ಸಿಸ್ಟರ್," ಎಂದಳು. "ಪೋಲೆ ಸಾನಾ. ಕೌನ್ ಮರ್ ಗಯಾ?"

ತೆರೇಸಾಳಿಗೆ ನಗು ಬಂತು. ಸೌದ ಹುಟ್ಟಿದ್ದು ಆಫ್ರಿಕದಲ್ಲಿ. ಅವಳ ಅಪ್ಪನಿಗೆ ಅಲ್ಲೆಲ್ಲೋ ಒಳನಾಡಿನಲ್ಲಿ ಅಂಗಡಿಯಿತ್ತು, ಹುಡುಗಿಯಾಗಿದ್ದಾಗ ಮನೆಮಂದಿಯೊಂದಿಗೆ ಮಸ್ಕತ್ತಿಗೆ ಬಂದವಳು. ಇದು ತೆರೇಸಾಳಿಗೆ ಗೊತ್ತಿತ್ತು. ಸೌದ ಫೋನಿನಲ್ಲಿ ಅಕ್ಕನ ಜೊತೆ ಆಡುವುದು ಅರಬ್ಬಿಯಲ್ಲ ಎಂಬುದೂ ಗೊತ್ತಿತ್ತು. ಮಸ್ಕತ್ತಿನಲ್ಲಿ ಸ್ವಾಹಿಲಿ ಬಲ್ಲವರಿಗೆ ಬರವೇನು, ರಾಬರ್ಟ್‌ಗೆ ವೀಸಾ ಕೊಡಿಸಿದ ಕಫೀಲನ ಮನೆಯಲ್ಲೂ ಅದೇ ಮಾತು. ಗೊತ್ತಿದ್ದದ್ದೆಲ್ಲ ಇಷ್ಟು ದಿನ ಬೇರೆ ಬೇರೆ ಮೂಲೆಗಳಲ್ಲಿ ಬಿದ್ದಿತ್ತು, ಒಂದಕ್ಕೊಂದು ತಾಗಿರಲಿಲ್ಲ, ಅಷ್ಟೇ. "ಯಾರೂ ಸತ್ತಿಲ್ಲ, ಸೌದ," ಎಂದಳು ಅವಳು, ಅವರಿಬ್ಬರ ನಡುವಿನ ಹಿಂದಿ ಇಂಗ್ಲಿಷ್ ಕಲಸಿದ ಭಾಷೆಯಲ್ಲಿ. "ಇದು ನಮ್ಮ ಚರ್ಚಿನ ಹಾಡು. ನಿಮ್ಮ ಕಡೆಯ ಹಳ್ಳಿಯವರು ನನಗೋಸ್ಕರ ಕಟ್ಟಿದ್ದು. ತೆರೇಸಾ ಅಂದರೆ ನಾನೇ."

ಸೌದ ಕೈ ಬಿಡಲಿಲ್ಲ. ಹಿಡಿತ ಮಾತ್ರ ಸಡಿಲವಾಯಿತು.

"ನಿನಗೋಸ್ಕರ ಅಂತ ಯಾರು ಹೇಳಿದರು?"

"ನನ್ನ ಗಂಡ. ಅವರೇ ಅಲ್ಲಿಗೆ ಹೋಗಿದ್ದು. ಯಾಕೆ, ಎಂತ ಅರ್ಥ ಇದರದ್ದು?"

ಸೌದ ಬಾಗಿಲಿನ ಕಡೆ ನೋಡಿದಳು, ರಿಸೆಪ್ಷನ್ನಿಗೆ ಯಾರಾದರೂ ಬಂದರೆ ಸಾಕಿತ್ತು ಎನ್ನುವ ಹಾಗೆ. ಯಾರೂ ಬರಲಿಲ್ಲ. "ತಾಯಿ ತೆರೇಸಾ ನಮ್ಮನ್ನು ಬಿಟ್ಟು ಹೋದಳು," ಎಂದಳು ಮೆಲ್ಲಗೆ. "ಲಾಲಾ ಅಂದರೆ ಮಲಗು. ಮಲಗು, ತಾಯಿ, ಮಲಗು. ನನ್ನ ಅಜ್ಜಿ ಹೋದಾಗ ಅಕ್ಕಪಕ್ಕದ ಹೆಂಗಸರು ಹೀಗೇ ಹೆಸರು ಹಾಕಿ ಹಾಡಿದ್ದರು. ಸತ್ತವರ ಮನೆಯಲ್ಲಿ ಕಟ್ಟಿ ಹಾಡುವುದು ಇದು."

"ಕೊನೆಯ ಸಾಲು? ನಿಮೆಬಾಕಿ ಪೆಕೆ ಯಾಂಗು?"

"ಅದು ಹೆಂಗಸರ ಸಾಲಲ್ಲ, ಸಿಸ್ಟರ್. ಮನೆಯವರು ಹೇಳಬೇಕಾದದ್ದು. ಗಂಡ ಇದ್ದರೆ ಗಂಡ. ನಾನು ಒಬ್ಬನೇ ಉಳಿದೆ ಅಂತ."

ಆಮೇಲೆ ಸೌದ ಏನೇನೋ ಹೇಳಿದಳು. ತೆರೇಸಾ ಎಂಬ ಹೆಸರು ಆ ಕಡೆ ಎಷ್ಟೋ ಜನರಿಗಿದೆ ಎಂದಳು. ಬೇರೆ ಯಾರೋ ಸತ್ತಿರಬೇಕು, ಅದರ ಹಾಡನ್ನು ನಿನ್ನ ಗಂಡ ತಪ್ಪು ತಿಳಿದಿರಬೇಕು ಎಂದಳು. ತಾನು ಊರು ಬಿಟ್ಟು ಕಾಲವಾಯಿತು, ಮಾತು ಮರೆತಿದೆ ಎಂದೂ ಹೇಳಿದಳು. ಹಿಂದಿನ ದಿನವಷ್ಟೇ ಅಕ್ಕನ ಜೊತೆ ಅದೇ ಮಾತಿನಲ್ಲಿ ಹೊಟ್ಟೆ ಹಿಡಿದು ನಕ್ಕವಳು. ತೆರೇಸಾ ಹೂಂ ಹೂಂ ಎನ್ನುತ್ತ ಗಾಜ್ ಬಟ್ಟೆ ಮಡಚುತ್ತಲೇ ಇದ್ದಳು. ಒಂದು ಸುಳ್ಳು ಹೇಳಲಿಕ್ಕೆ ಇಷ್ಟು ಒದ್ದಾಡುವ ಹೆಂಗಸಿನ ಮೇಲೆ ಅವಳಿಗೆ ಅಕ್ಕರೆ ಹುಟ್ಟಿತು. ಪೋಲೆ ಅಂದರೆ ಏನು ಎಂದು ಕೊನೆಗೆ ಕೇಳಿದಳು. ಸಾವಿನ ಮನೆಯಲ್ಲಿ ಕೈ ಹಿಡಿದು ಹೇಳುವ ಮಾತು ಎಂದಳು ಸೌದ.

ಮನೆಗೆ ಬರುವ ಟ್ಯಾಕ್ಸಿಯಲ್ಲಿ ತೆರೇಸಾ ಆ ಇನ್ನೊಬ್ಬ ತೆರೇಸಾಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಳು. ಇರಬಹುದು. ಆ ಊರಿನಲ್ಲಿ ಯಾರೋ ತೆರೇಸಾ ಸತ್ತಿರಬಹುದು, ಪಾಪ, ಹೆರಿಗೆಯಲ್ಲೋ ಜ್ವರದಲ್ಲೋ. ಅಂಥ ಹೊತ್ತಿಗೆ ರಾಬರ್ಟ್ ಹೋಗಿ ತನ್ನ ಹೆಂಡತಿಯ ಹೆಸರೂ ಅದೇ ಎಂದಿರಬಹುದು. ಆ ಪಾಪದವಳಿಗೆ ಇವಳು ಗಂಡ, ಮಕ್ಕಳು, ಗೋರಿ ಎಲ್ಲವನ್ನೂ ಮಾಡಿಕೊಟ್ಟಳು. ನಡುವೆ, ಹೆದ್ದಾರಿಯ ಪಕ್ಕದ ಖರ್ಜೂರದ ಮರಗಳು ಹಿಂದೆ ಸರಿಯುವಾಗ, ಅಮ್ಮ ನೆನಪಾದಳು. ಕಲ್ಯಾಣಪುರದ ಮನೆಯ ಜಗಲಿಯಲ್ಲಿ ಮೀನು ಸ್ವಚ್ಛ ಮಾಡುತ್ತಿದ್ದ ಅಮ್ಮ, ಮಗಳು ಕ್ಯಾಥೊಲಿಕರ ಕೊಂಕಣಿ ಪೂಜೆ ಬಿಟ್ಟು ಪ್ರೊಟೆಸ್ಟೆಂಟ್ ಹುಡುಗನ ಹಿಂದೆ ಹೋಗುತ್ತಾಳೆ ಎಂದು ಗೊತ್ತಾದ ದಿನ ತಲೆಯೆತ್ತದೆ, "ನನ್ನ ಪಾಲಿಗೆ ನೀನು ಸತ್ತೆ" ಎಂದಿದ್ದಳು. ಆ ಸಾವು ಒಂದು ವರ್ಷವೂ ಬಾಳಲಿಲ್ಲ. ಮರು ಬೇಸಗೆಗೆ ಮಿಡಿ ಉಪ್ಪಿನಕಾಯಿಯ ಭರಣಿ ಬಂತು, ಜೊತೆಗೆ ಬಸುರಾದೆಯಾ ಎಂಬ ಪ್ರಶ್ನೆ. ಅಮ್ಮ ಹೇಳಿದ್ದು ಎದುರಿಗೇ, ಕೈಯಲ್ಲಿ ಕತ್ತಿ ಹಿಡಿದುಕೊಂಡೇ. ಹೇಳಿ ಮುಗಿಸಿ ಅವಳೇ ಅತ್ತಿದ್ದಳು. ತೆರೇಸಾ ಟ್ಯಾಕ್ಸಿಯವನಿಗೆ ದಾರಿ ಹೇಳುವುದನ್ನೂ ಮರೆತಿದ್ದಳು, ಅವನು ಒಂದು ತಿರುವು ದಾಟಿಕೊಂಡು ಹೋಗಿದ್ದ.

ಮಧ್ಯಾಹ್ನದ ಊಟ ಮಾಡಿ ರಾಬರ್ಟ್ ಒಳಗೆ ಮಲಗಿದ್ದ. ಶುಕ್ರವಾರದ ನಿದ್ದೆ ಅವನಿಗೆ ವಾರವಿಡೀ ದುಡಿದದ್ದಕ್ಕೆ ಸಿಗುವ ಏಕೈಕ ಬಹುಮಾನ. ವಾದಿ ಅದಾಯ್‌ನ ಶೋರೂಮಿನಲ್ಲಿ ಅವನ ಮಾತನ್ನು ಪೂರ್ತಿ ಕೇಳಿದವರಿಲ್ಲ. ಗಿರಾಕಿ ಬಂದರೆ ಅವನು ಟೈರಿನ ಗುಣ ಹೇಳಲು ಶುರುಮಾಡುವಷ್ಟರಲ್ಲಿ ಮ್ಯಾನೇಜರು ನಡುವೆ ಬಾಯಿ ಹಾಕಿ "ಖಲಾಸ್, ರಾಬರ್ಟ್, ಚಾಯ್ ತರಿಸು" ಎನ್ನುತ್ತಾನೆ. ಒಮ್ಮೆ ತೆರೇಸಾಳ ಎದುರಿಗೇ ಹಾಗಾಗಿತ್ತು. ಅವಳು ಟೈರುಗಳನ್ನು ನೋಡುವವಳ ಹಾಗೆ ಆಚೆ ತಿರುಗಿ ನಿಂತಿದ್ದಳು, ಅವನು ಚಾ ತರಿಸಿದ್ದ, ಇಬ್ಬರೂ ಆ ವಿಷಯ ಎತ್ತಿದವರಲ್ಲ. ಆದ್ದರಿಂದಲೇ ಆ ಸೀಡಿ ಮೊದಲ ಸಲ ನೋಡಿದಾಗ ಅವಳ ಕಣ್ಣು ತುಂಬಿಬಂದಿತ್ತು: ಎಲ್ಲೋ ಒಂದು ಮರದ ಕೆಳಗೆ ನೂರಾರು ಜನ ಬಾಯಿ ಕಟ್ಟಿಕೊಂಡು ತನ್ನ ಗಂಡನ ಮಾತು ಕೇಳುತ್ತಿದ್ದಾರೆ. ಈಗ ಅವಳು ಅದೇ ಸೀಡಿ ಹಾಕಿ, ಸದ್ದು ತೆಗೆದು, ಟೀವಿಯ ಹತ್ತಿರ ನೆಲದ ಮೇಲೆ ಕೂತಳು. ಪಿಕಪ್ ಬಂತು, ಮಾತ್ರೆ ಬಂತು, ಕಣ್ಣಿನ ಹನಿ ಬಂತು. ಮಾವಿನ ಮರ ಬಂದಾಗ ಅವಳು ಮುಂದೆ ಬಾಗಿದಳು. ಜನ ಬಾಯಿ ಕಟ್ಟಿಕೊಂಡೇನೂ ಕೇಳುತ್ತಿರಲಿಲ್ಲ. ಇದು ಅವಳಿಗೆ ಇಷ್ಟು ದಿನ ಹೇಗೆ ಕಾಣಲಿಲ್ಲ? ಹಿಂದಿನ ಸಾಲಿನ ಗಂಡಸರು ಎದ್ದು ಸೈಕಲ್ಲು ಹಿಡಿದುಕೊಳ್ಳುತ್ತಿದ್ದರು. ಹೆಂಗಸೊಬ್ಬಳು ಮಗುವನ್ನು ಬೆನ್ನಿಗೆ ಬಿಗಿದು ಹೊರಟೇಬಿಟ್ಟಿದ್ದಳು. ರಾಬರ್ಟ್ ಅವರತ್ತ ನೋಡಿದ, ಶೋರೂಮಿನಲ್ಲಿ ಗಿರಾಕಿ ಕೈತಪ್ಪುವಾಗ ನೋಡುವ ನೋಟ. ಆಮೇಲೆ ಕೈಯನ್ನು ಎದೆಯ ಮೇಲಿಟ್ಟ. ತಲೆ ತಗ್ಗಿಸಿ ಏನೋ ಹೇಳಿದ. ಬೊನಿಫಾಸ್ ಅದನ್ನು ತಿರುಗಿಸಿ ಹೇಳುವ ಮುಂಚೆ ಗಕ್ಕನೆ ಅವನ ಮುಖ ನೋಡಿದ, ನಿಜವೇ ಎಂದು ಕೇಳುವ ಹಾಗೆ. ರಾಬರ್ಟ್ ಹೌದೆಂದು ತಲೆಯಾಡಿಸಿ ಬೈಬಲ್ ತೆರೆದು ಫೋಟೋ ತೆಗೆದ.

ಹೊರಟಿದ್ದ ಹೆಂಗಸು ನಿಂತಳು. ಸೈಕಲ್ಲು ಹಿಡಿದವರು ಸೈಕಲ್ಲು ಮರಕ್ಕೊರಗಿಸಿ ಬಂದು ಕೂತರು.

ತೆರೇಸಾ ಅದನ್ನು ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದಳು, ಮತ್ತೂ ನೋಡಿದಳು. ಅವಳನ್ನು ಕೊಲ್ಲಲು ಅವನಿಗೆ ಹಿಡಿದದ್ದು ಒಂದು ಉಸಿರೆಳೆಯುವಷ್ಟು ಹೊತ್ತು. ದ್ವೇಷವಿರಲಿಲ್ಲ, ಜಗಳವಿರಲಿಲ್ಲ, ಜನ ಎದ್ದು ಹೋಗುತ್ತಿದ್ದರು, ಅವರನ್ನು ಕೂರಿಸಲಿಕ್ಕೆ ಕೈಗೆ ಸಿಕ್ಕಿದ್ದು ಹೆಂಡತಿ. ಹೆಂಗಸರು ಹಾಡುವಾಗ ಬೊನಿಫಾಸ್ ಬಾಗಿ ಅವನ ಕಿವಿಯಲ್ಲಿ ಸಾಲುಸಾಲಾಗಿ ಅರ್ಥ ಹೇಳುತ್ತಿದ್ದ, ಇವನು ಕಣ್ಣುಮುಚ್ಚಿ ತಲೆಯಾಡಿಸುತ್ತಿದ್ದ. ಸಭೆಯವರು ಅದನ್ನು ಭಕ್ತಿಯೆಂದಿದ್ದರು. ಅಂದರೆ ಇವನಿಗೆ ಪ್ರತಿಯೊಂದು ಮಾತಿನ ಅರ್ಥವೂ ಗೊತ್ತು. ದೋಸೆ ಹುಯ್ಯುತ್ತ, ಬಟ್ಟೆ ಒಣಗಿಸುತ್ತ, ತಲೆ ಬಾಚಿಕೊಳ್ಳುತ್ತ ಹೆಂಡತಿ ತನ್ನ ಸಾವಿನ ಹಾಡನ್ನು ತಾನೇ ಹಾಡಿಕೊಳ್ಳುವಾಗ ಇವನು ನಲ್ಲಿ ತಿರುಗಿಸಿದ. ಸಭೆಯ ಮಕ್ಕಳು ಚಪ್ಪಾಳೆ ತಟ್ಟಿ ಲಾಲಾ ಲಾಲಾ ಎಂದು ಕುಣಿಯುವಾಗ ಮುಂದಿನ ಸಾಲಿನಲ್ಲಿ ಕೂತು ಕಾಲು ಆಡಿಸಿದ. ಸುಳ್ಳು ಹೇಳಿದ್ದನ್ನು ಅವಳು ಯಾವತ್ತಾದರೂ ನುಂಗಿಕೊಂಡಾಳು, ಆದರೆ ತನ್ನನ್ನು ಹಾಡಲು ಬಿಟ್ಟದ್ದು, ಇದು ಗಂಟಲಿನಿಂದ ಕೆಳಗೆ ಇಳಿಯುವಂಥದ್ದಲ್ಲ. ಟೀವಿಯಲ್ಲಿ ಹೆಂಗಸರು ಸಾಲಾಗಿ ಬಂದು ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಏನೋ ಚಿಕ್ಕದೊಂದು ಮಾತು ಹೇಳಿ ಹೋಗುತ್ತಿದ್ದರು. ಸದ್ದಿರಲಿಲ್ಲ, ತುಟಿ ಮಾತ್ರ ಕಾಣುತ್ತಿತ್ತು. ಪೋಲೆ. ಪೋಲೆ. ಪೋಲೆ. ಒಬ್ಬ ಮುದುಕಿ ಫೋಟೋವನ್ನು ಎದೆಗೊತ್ತಿಕೊಂಡು ನೆಲಕ್ಕೇ ಕುಸಿದಳು. ಆ ಮುದುಕಿಗೆ ತೆರೇಸಾ ಯಾರೂ ಅಲ್ಲ. ತೆರೇಸಾ ಟೀವಿಯ ಗಾಜಿನ ಮೇಲೆ ಆ ಮುದುಕಿಯ ಬೆನ್ನನ್ನು ಸವರಿದಳು, ಆಮೇಲೆ ಅತ್ತಳು. ತನಗಾಗಿ ಅತ್ತಳೋ, ಮುದುಕಿಗಾಗಿ ಅತ್ತಳೋ, ಅವಳಿಗೆ ಬೇರೆ ಮಾಡಲಿಕ್ಕೆ ಬರಲಿಲ್ಲ. ಲೋಕದಲ್ಲಿ ತನ್ನನ್ನು ಅಷ್ಟು ಪ್ರೀತಿಸಿದ ಒಂದು ಊರಿದೆ, ಆ ಊರಿಗೆ ತಾನಿನ್ನು ಹೋಗುವ ಹಾಗಿಲ್ಲ. ಸತ್ತವಳು ಯಾವ ಮುಖ ಹೊತ್ತು ಹೋಗುವುದು?

ರಾಬರ್ಟ್ ಎದ್ದು ಬಂದಾಗ ಟೀವಿ ಆರಿತ್ತು, ಚಾ ಕುದಿಯುತ್ತಿತ್ತು.

"ನಾನೂ ಬರ್ತೇನೆ ಈ ಸಲ," ಎಂದಳು ತೆರೇಸಾ, ಅವನ ಕಡೆ ನೋಡದೆ. "ರಜೆ ಕೇಳಿ ಆಯ್ತು."

"ಪುನಃ ಶುರು ಮಾಡಿದ್ಯಾ? ನಿನ್ನ ಮೊಣಕಾಲು ಹಿಡ್ಕೊಂಡು ಆ ದಾರಿಯಲ್ಲಿ ಹೇಗೆ ನಡೀತಿ ಮಾರಾಯ್ತಿ? ನಂಗೂ ನೀನು ಬಂದ್ರೆ ಖುಷಿಯೇ. ಆದ್ರೆ ಆಗ್ಬೇಕಲ್ಲ."

"ಅಲ್ಲಿಯವ್ರು ನನ್ನನ್ನು ಕೇಳ್ಲಿಲ್ವಾ ನಿಮ್ಮ ಹತ್ರ?"

ಅವನು ಚಾದ ಲೋಟವನ್ನು ಊದಿದ. ಅವಳು ಕಾದಳು. ಈಗಲಾದರೂ ಹೇಳು, ಎಂದು ಅವಳ ಮೈಯೆಲ್ಲ ಅವನನ್ನು ಬೇಡಿಕೊಳ್ಳುತ್ತಿತ್ತು. ಒಂದು ಮಾತು ಹೇಳು, ಅರ್ಧ ಮಾತು ಹೇಳು, ಬಾಯಿ ತಪ್ಪಿತು ತೆರೇಸಾ ಎನ್ನು. ನಾನು ಕಿರುಚಾಡುತ್ತೇನೆ, ಲೋಟ ಒಡೆಯುತ್ತೇನೆ, ಆಮೇಲೆ ಏನೋ ಒಂದು ದಾರಿಯಾಗುತ್ತದೆ.

"ಕೇಳದೆ ಉಂಟಾ?" ಎಂದ ರಾಬರ್ಟ್. "ದಿನಾ ಕೇಳ್ತಿದ್ರು. ತೆರೇಸಾ ಹೇಗಿದ್ದಾಳೆ, ತೆರೇಸಾನ್ನ ಯಾವಾಗ ಕರ್ಕೊಂಡು ಬರ್ತೀರಿ ಅಂತ." ಹೇಳುವಾಗ ಅವನ ಮುಖ ಎಷ್ಟು ಮೃದುವಾಯಿತೆಂದರೆ, ಒಂದು ಗಳಿಗೆ ಅವಳೇ ನಂಬಿಬಿಡುವವಳಿದ್ದಳು.

ಗಾಲಾಕ್ಕೆ ಹೋಗುವ ದಾರಿಯುದ್ದಕ್ಕೂ ಅವನು ಸಂಜೆಯ ಮಾತನ್ನು ಬಾಯೊಳಗೇ ಒಪ್ಪಿಸಿಕೊಳ್ಳುತ್ತಿದ್ದ. ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ತೆರೇಸಾ ಲೆಕ್ಕ ಹಾಕಿದಳು, ಹೇಳಿದರೆ ಏನಾಗುತ್ತದೆ ಎಂದು. ಅಯ್ಯನವರು ಕಣ್ಣು ಮುಚ್ಚುತ್ತಾರೆ. ಸಭೆ ಎರಡಾಗುತ್ತದೆ. ಹೆಂಗಸರು ಅವಳನ್ನು ಮೂಲೆಗೆ ಕರೆದು ತಬ್ಬಿಕೊಂಡು, ಸಹಿಸಿಕೋ ತೆರೇಸಮ್ಮ, ಆತ್ಮಗಳಿಗೋಸ್ಕರ ಹೇಳಿದ್ದಲ್ಲವಾ ಎನ್ನುತ್ತಾರೆ. ಹೌದು, ಹಾಗೆಯೇ ಎನ್ನುತ್ತಾರೆ, ಆ ದನಿ ಕೂಡ ಅವಳಿಗೆ ಈಗಲೇ ಕೇಳಿಸಿತು. ಕೊನೆಗೆ ಅವನ ಸುಳ್ಳಿಗಿಂತ ಅವಳ ಸಿಟ್ಟೇ ದೊಡ್ಡ ಪಾಪವಾಗಿ ಪ್ರಾರ್ಥನೆಯ ವಿಷಯವಾಗುತ್ತದೆ. ಹೇಳದಿದ್ದರೆ? ಹೇಳದಿದ್ದರೆ ನಾಳೆ ಬೆಳಿಗ್ಗೆ ಮತ್ತೆ ದೋಸೆ. ಕಾರು ನಿಂತಿತು. ಅವನು ಇಳಿಯುವ ಮುಂಚೆ ಕನ್ನಡಿಯಲ್ಲಿ ತಲೆ ಸವರಿಕೊಂಡ.

ಹಾಲ್ ತುಂಬಿತ್ತು. ಬೇರೆ ಸಭೆಗಳಿಂದಲೂ ಜನ ಬಂದಿದ್ದರು. ರಾಬರ್ಟ್ ತನ್ನ ಸಾಕ್ಷಿ ಹೇಳಿದ, ಚೆನ್ನಾಗಿಯೇ ಹೇಳಿದ. ಕೆಂಪು ಮಣ್ಣು, ಹಸಿದ ಮಕ್ಕಳು, ಮಾವಿನ ಮರ. ಜನ ಕದಲದೆ ಕೇಳಿದರು. ಆಮೇಲೆ ಅಯ್ಯನವರು ಎದ್ದು ನಿಂತು, "ಈಸ್ಟರ್ ಆದ ಮೇಲೆ ನಮ್ಮ ಸಹೋದರರನ್ನು ಮತ್ತೆ ಅಲ್ಲಿಗೆ ಕಳಿಸುವ," ಎಂದರು. "ಈ ಸಲ ತೆರೇಸಮ್ಮನೂ ಹೋಗ್ಬೇಕು ಅಂತ ನಮ್ಮೆಲ್ಲರ ಆಸೆ. ಆ ಜನ ಇವರ ಹೆಸರಲ್ಲಿ ಹಾಡು ಕಟ್ಟಿದ್ದಾರೆ. ಇವರನ್ನು ಕಣ್ಣಾರೆ ನೋಡಿದ್ರೆ ಅವರಿಗೆಷ್ಟು ಸಂತೋಷ ಆಗ್ಲಿಕ್ಕಿಲ್ಲ!"

ಚಪ್ಪಾಳೆ ಬಿತ್ತು. ರಾಬರ್ಟ್ ನಗುತ್ತಲೇ ಮುಂದೆ ಬಂದ. "ಅವಳ ಮೊಣಕಾಲಿಗೆ ಸ್ವಲ್ಪ ತೊಂದ್ರೆ ಉಂಟು ಅಯ್ಯನವರೇ..."

"ಮೊಣಕಾಲಿಗೆ ಎಂತ ಆಗ್ಲಿಲ್ಲ," ಎಂದಳು ತೆರೇಸಾ. ಅವಳು ಹಾಡಲೆಂದು ಆಗಲೇ ಮೈಕಿನ ಹತ್ತಿರ ಬಂದಿದ್ದಳು, ಮಾತು ಹಾಲ್‌ಗೆಲ್ಲ ಕೇಳಿಸಿತು. "ಆದ್ರೂ ನಾನು ಅಲ್ಲಿಗೆ ಹೋಗುವ ಹಾಗಿಲ್ಲ. ಯಾಕೆ ಅಂತ ಇವರಿಗೆ ಗೊತ್ತುಂಟು."

ಜನ ಅವಳ ವಿನಯಕ್ಕೆ ಮೆಚ್ಚಿ ನಕ್ಕರು. ರಾಬರ್ಟ್ ಮಾತ್ರ ಅವಳ ಮುಖದಲ್ಲಿ ಏನನ್ನೋ ಹುಡುಕುತ್ತಿದ್ದ. ಅವಳು ಹಾಡಲು ಶುರುಮಾಡಿದಳು. ಎಂದೂ ಹಾಡದಷ್ಟು ನಿಧಾನವಾಗಿ, ಒಂದೊಂದು ಮಾತಿನ ಅರ್ಥವೂ ಗೊತ್ತಿದ್ದು, ತನ್ನ ಹೆಸರನ್ನು ಬೇರೆ ಯಾರದೋ ಹೆಸರೆಂಬಂತೆ ಎಳೆದು ಹಾಡಿದಳು. ಮಲಗು, ತಾಯಿ, ಮಲಗು. ಅನುವೂ ಮಕ್ಕಳೂ ಚಪ್ಪಾಳೆ ಹಿಡಿದು ದನಿ ಸೇರಿಸಿದರು, ಹಿಂದಿನ ಸಾಲಿನವರು ಎದ್ದು ನಿಂತರು, ಗಾಲಾದ ಆ ಹಾಲ್ ತುಂಬ ಜನ ನಗುಮುಖದಿಂದ ತೂಗುತ್ತ ಅವಳನ್ನು ಮಣ್ಣು ಮಾಡಿದರು. ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಕೊನೆಯ ಸಾಲು ಬರುವಾಗ ಅವಳು ನಿಲ್ಲಿಸಿ, ಮೈಕನ್ನು ಗಂಡನ ಕಡೆ ಚಾಚಿದಳು.

"ಈ ಸಾಲು ಗಂಡ ಹೇಳ್ಬೇಕಾದದ್ದಂತೆ," ಎಂದಳು. "ನಮ್ಮ ಕ್ಲಿನಿಕ್ಕಿನ ಸೌದ ಹೇಳಿದ್ಲು. ಅವಳು ಆ ಕಡೆಯವಳೇ."

ರಾಬರ್ಟ್‌ನ ಮುಖದ ನಗು ಹಾಗೇ ಇತ್ತು, ಅದರ ಹಿಂದಿದ್ದ ಮನುಷ್ಯ ಮಾತ್ರ ಎಲ್ಲಿಗೋ ಹೊರಟುಹೋದ. ಅವನು ಅವಳನ್ನು ನೋಡಿದ. ಅವಳಿಗೆ ಗೊತ್ತಾಗಿದೆ ಎಂಬುದು ಅವನಿಗೆ ಗೊತ್ತಾದದ್ದನ್ನು ಅವಳು ಕಣ್ಣಾರೆ ಕಂಡಳು. ಮೈಕು ಅವರಿಬ್ಬರ ನಡುವೆ ಇತ್ತು. ಬೇಡ ಎನ್ನು, ಗಂಟಲು ಕಟ್ಟಿದೆ ಎನ್ನು, ಸುಮ್ಮನೆ ತಲೆ ತಗ್ಗಿಸು, ನನಗೆ ಅಷ್ಟು ಸಾಕು. ಹಾಲ್‌ನವರು ಕಾಯುತ್ತಿದ್ದರು. ಹಿಂದಿನ ಬಾಗಿಲ ಹತ್ತಿರ ಒಂದಿಬ್ಬರು ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು. ರಾಬರ್ಟ್ ಅವರತ್ತ ನೋಡಿದ. ಆಮೇಲೆ ಮೈಕು ತೆಗೆದುಕೊಂಡ, ಕೈಯನ್ನು ಎದೆಯ ಮೇಲಿಟ್ಟ, ಕಣ್ಣು ಮುಚ್ಚಿದ.

"ನಿಮೆಬಾಕಿ ಪೆಕೆ ಯಾಂಗು," ಎಂದು ತುಂಬುಕಂಠದಿಂದ ಹಾಡಿದ. ಅವನ ದನಿ ಚೆನ್ನಾಗಿಯೇ ಇತ್ತು.

ಚಪ್ಪಾಳೆ ನಿಲ್ಲುವುದಕ್ಕೆ ಹೊತ್ತು ಹಿಡಿಯಿತು. ಪ್ರಾರ್ಥನೆ ಆಯಿತು. ಸೇವೆಗೆ ಹೊರಡುವವರ ಕೈ ಕುಲುಕಿ ಒಳ್ಳೆಯದಾಗಲಿ ಎನ್ನುವುದು ಆ ಸಭೆಯ ವಾಡಿಕೆ. ಜನ ಸಾಲಾಗಿ ನಿಂತರು. ಹೆಂಡತಿ ಗಂಡನ ಪಕ್ಕದಲ್ಲಿ ನಿಂತು ತಾನೂ ಕೈ ಕುಲುಕಿಸಿಕೊಳ್ಳಬೇಕು. ಅಯ್ಯನವರು ಜಾಗ ತೋರಿಸಿ ಕರೆದರೂ ತೆರೇಸಾ ಅಲ್ಲಿಗೆ ಹೋಗಲಿಲ್ಲ. ಹಾಲ್‌ನ ಕೊನೆಗೆ ನಡೆದು, ಅನುವಿನ ಹಿಂದೆ ಸಾಲಿನಲ್ಲಿ ನಿಂತಳು. "ನೀವೆಂತ ಆಂಟಿ ಇಲ್ಲಿ?" ಎಂದು ಅನು ನಕ್ಕಳು. ಸಾಲು ಮೆಲ್ಲಮೆಲ್ಲಗೆ ಮುಂದೆ ಸರಿಯಿತು. ಅನುವಿನ ಸರದಿ ಬಂತು, ಮುಗಿಯಿತು. ರಾಬರ್ಟ್ ಯಾರೆಂದು ನೋಡದೆಯೇ ಅದೇ ನಗುವಿನಿಂದ ಕೈ ಚಾಚಿದ. ತೆರೇಸಾ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು, ಮಾವಿನ ಮರದ ಕೆಳಗಿನ ಹೆಂಗಸರು ಹಿಡಿದುಕೊಂಡ ಹಾಗೆಯೇ.

"ಪೋಲೆ," ಎಂದಳು. "ಪೋಲೆ ಸಾನಾ."

ಅವನು ತಲೆಯೆತ್ತಿದ. ಏನೋ ಹೇಳಲು ಬಾಯಿ ತೆರೆದ. ಅವಳ ಹಿಂದೆ ಇನ್ನೂ ಜನ ಕಾಯುತ್ತಿದ್ದರು. ಅವಳು ಕೈ ಬಿಟ್ಟು, ಅವರಿಗೆ ದಾರಿ ಮಾಡಿಕೊಟ್ಟು ಪಕ್ಕಕ್ಕೆ ಸರಿದಳು.